ಹೇರ್‌ಪಿನ್ ತಿರುವಿಗೆ ಹ್ಯಾಂಡ್‌ಬ್ರೇಕ್: ರ‍್ಯಾಲಿ ಕಾರಿನ ಪಾಠ, ಸಿಮ್ಯುಲೇಟರಿನ ಅಭ್ಯಾಸ

ಸಿಮ್ಯುಲೇಟರಿನಲ್ಲಿ, ಅಂದರೆ ನಿಜವಾದ ಕಾರು ಓಡಿಸಿದಂತೆಯೇ ಅನ್ನಿಸುವ ಕಂಪ್ಯೂಟರ್ ಆಟದಲ್ಲಿ, ರ‍್ಯಾಲಿ ಓಡಿಸುವ ಹವ್ಯಾಸ ಅಂಟಿಸಿಕೊಂಡವರು ಸ್ಟೀರಿಂಗ್ ಮತ್ತು ಪೆಡಲುಗಳಾದ ಮೇಲೆ ಸಾಮಾನ್ಯವಾಗಿ ಕೈಹಾಕುವುದು ಹ್ಯಾಂಡ್‌ಬ್ರೇಕಿಗೆ. ತಂದ ಮೊದಲ ವಾರ ಸಿಕ್ಕ ಸಿಕ್ಕ ತಿರುವಿನಲ್ಲೆಲ್ಲ ಅದನ್ನು ಎಳೆದು, ಕಾರು ಅಡ್ಡಡ್ಡಲಾಗಿ ಜಾರುವುದನ್ನು ನೋಡಿ ಹಿಗ್ಗುತ್ತಾರೆ. ಆಮೇಲೆ ಗಡಿಯಾರ ನೋಡಿದರೆ ಹ್ಯಾಂಡ್‌ಬ್ರೇಕ್ ಇಲ್ಲದ ದಿನಗಳ ಸಮಯವೇ ಚೆನ್ನಾಗಿತ್ತೆಂದು ತಿಳಿಯುತ್ತದೆ. ನನ್ನ ಕತೆಯೂ ಇದೇ ಆಗಿತ್ತು. ಎಷ್ಟು ಬಲವಾಗಿ ಎಳೆಯಬೇಕೆಂದು ಯೋಚಿಸುತ್ತಿದ್ದ ನಾನು, ಯಾವಾಗ ಬಿಡಬೇಕೆಂದು ಯೋಚಿಸಿಯೇ ಇರಲಿಲ್ಲ. ಉಪಕರಣ ಆರಿಸುವುದರಿಂದ ಹಿಡಿದು ಅಭ್ಯಾಸ ಮಾಡುವವರೆಗೆ ಇಲ್ಲಿ ಹೇಳಹೊರಟಿರುವ ಹಂತಗಳನ್ನೆಲ್ಲ ಆ ಬಿಡುವ ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಲಿವರ್ ಎಳೆದಾಗ ಆಗುವುದೇನು

ಕಾಲಿನ ಬ್ರೇಕು ನಾಲ್ಕೂ ಚಕ್ರಗಳನ್ನು ಹಿಡಿಯುತ್ತದೆ. ರ‍್ಯಾಲಿ ಕಾರಿನ ಹ್ಯಾಂಡ್‌ಬ್ರೇಕು ಹಿಂದಿನ ಎರಡನ್ನು ಮಾತ್ರ ಹಿಡಿಯುತ್ತದೆ. ಉರುಳುತ್ತಿರುವ ಟೈರಿಗೆ ತಾನು ಮುಖ ಮಾಡಿರುವ ದಿಕ್ಕಿನಲ್ಲಿ ಸಾಗುವ, ಪಕ್ಕಕ್ಕೆ ಜಾರದಂತೆ ನೆಲ ಕಚ್ಚಿಕೊಳ್ಳುವ ಶಕ್ತಿ ಇರುತ್ತದೆ. ಅದೇ ಟೈರು ಉರುಳುವುದನ್ನು ಪೂರ್ತಿ ನಿಲ್ಲಿಸಿದರೆ, ಅದರ ಘರ್ಷಣೆಯೆಲ್ಲ ಕಾರು ಯಾವ ಕಡೆ ಜಾರುತ್ತಿದೆಯೋ ಅದರ ಎದುರು ದಿಕ್ಕಿಗೆ ಖರ್ಚಾಗಿಹೋಗುತ್ತದೆ. ಟೈರು ಯಾವ ಕಡೆ ಮುಖ ಮಾಡಿದೆ ಎಂಬ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಆದ್ದರಿಂದ ಸ್ಟೀರಿಂಗ್ ತಿರುಗಿಸಿ, ಮುಂದಿನ ಚಕ್ರಗಳು ತಿರುವಿನೊಳಕ್ಕೆ ಎಳೆಯಲು ತೊಡಗಿದ ಹೊತ್ತಿನಲ್ಲಿ ಲಿವರ್ ಎಳೆದರೆ, ಮುಂಭಾಗ ನೆಲಕ್ಕೆ ಅಂಟಿಕೊಂಡೇ ಇದ್ದು ಹಿಂಭಾಗ ಮಾತ್ರ ಹೊರಕ್ಕೆ ಬೀಸುತ್ತದೆ. ಸ್ಟೀರಿಂಗ್ ನೇರವಾಗಿದ್ದಾಗ ಎಳೆದವರಿಗೆ ಕಾರು ತಿರುಗುವ ಬದಲು, ಯಾವ ಕಡೆಗೆ ಹೊರಳುತ್ತದೋ ಹೇಳಲಾಗದಂತೆ ಮುಂದಕ್ಕೆ ಜಾರುವುದಷ್ಟೇ ಸಿಗುತ್ತದೆ.

ಈ ತಂತ್ರದ ಜಾಗ ಬಹಳ ಚಿಕ್ಕದು. ಹತ್ತು ಸಾವಿರ ತಿರುವುಗಳ ರ‍್ಯಾಲಿ ಎಂದು ಹೆಸರಾದ ಕಾರ್ಸಿಕಾ ದ್ವೀಪದ ಓಟದಲ್ಲೂ ಹ್ಯಾಂಡ್‌ಬ್ರೇಕಿಗೆ ಕೆಲಸವಿರುವುದು ತೀರ ಕಡಿದಾದ, ಬಂದ ದಿಕ್ಕಿಗೇ ಮರಳುವಂತೆ ಬಾಗಿದ ಹೇರ್‌ಪಿನ್‌ಗಳಲ್ಲಿ ಮಾತ್ರ. ಮಾಂಟೆ ಕಾರ್ಲೊ ರ‍್ಯಾಲಿಯ ಕೋಲ್ ದ ತುರಿನಿಯಂಥ ಘಟ್ಟದ ದಾರಿಗಳಲ್ಲಿ ಅದು ಮತ್ತೆ ಮತ್ತೆ ಬೇಕಾದರೆ, ಸರಾಸರಿ ವೇಗವೇ ಗಂಟೆಗೆ 120 ಕಿಲೋಮೀಟರ್ ದಾಟುವ ಫಿನ್‌ಲೆಂಡಿನ ಜಲ್ಲಿ ರಸ್ತೆಗಳಲ್ಲಿ ಲಿವರ್ ಬಹುಪಾಲು ಸುಮ್ಮನೆ ನಿಂತಿರುತ್ತದೆ. ವೇಗದ ತಿರುವುಗಳಲ್ಲಿ ಕಾರನ್ನು ಅಡ್ಡ ಮಾಡಲು, ಬಲಗಾಲು ಆಕ್ಸಿಲರೇಟರಿನ ಮೇಲಿರುವಾಗಲೇ ಎಡಗಾಲಿನಿಂದ ಬ್ರೇಕ್ ಒತ್ತುವ ಎಡಗಾಲಿನ ಬ್ರೇಕಿಂಗ್ ಇದೆ, ತಿರುವಿಗೆ ಮೊದಲು ಎದುರು ದಿಕ್ಕಿಗೊಮ್ಮೆ ತೂಗಿ ಬಿಡುವ ಸ್ಕ್ಯಾಂಡಿನೇವಿಯನ್ ಫ್ಲಿಕ್ ಇದೆ. ಇವೆರಡಕ್ಕೂ ರಸ್ತೆಯ ಅಗಲ ಸಾಲದಾಗ, ಅಥವಾ ವೇಗ ತೀರ ಇಳಿದುಹೋದಾಗ, ಕೈ ಲಿವರಿಗೆ ಹೋಗಬೇಕು.

ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದರ ಮೇಲೆ ಕೈಕಾಲುಗಳ ಕೆಲಸ ಬದಲಾಗುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಹಿಂದಿನ ಚಕ್ರಗಳಿಗೂ ಎಂಜಿನ್ನಿಗೂ ಸಂಬಂಧವಿಲ್ಲ. ಆದ್ದರಿಂದ ಕ್ಲಚ್ ಮುಟ್ಟದೆಯೇ, ಬೇಕಿದ್ದರೆ ಆಕ್ಸಿಲರೇಟರ್ ಒತ್ತಿಕೊಂಡೇ, ಲಿವರ್ ಎಳೆಯಬಹುದು. ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಮೊದಲು ಕ್ಲಚ್ ಒತ್ತಬೇಕು, ಇಲ್ಲವಾದರೆ ಚಕ್ರಗಳ ಜೊತೆಗೆ ಎಂಜಿನ್ನೂ ನಿಂತುಹೋಗುತ್ತದೆ. ನಾಲ್ಕೂ ಚಕ್ರಗಳಿಂದ ಓಡುವ ಕಾರಿನ ಸಮಸ್ಯೆ ಇನ್ನೂ ತೊಡಕಿನದು. 1981ರಲ್ಲಿ ಔಡಿ ಕ್ವಾಟ್ರೊ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ಗೆ ಕಾಲಿಟ್ಟ ಮೇಲೆ ನಾಲ್ಕು ಚಕ್ರಗಳ ಚಾಲನೆಯೇ ರೂಢಿಯಾಯಿತು. ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುವ ಕಾರಿನಲ್ಲಿ ಹಿಂದಿನ ಚಕ್ರ ಹಿಡಿದರೆ ಆ ಹಿಡಿತ ಮುಂದಿನ ಚಕ್ರಕ್ಕೂ ಹರಿಯುತ್ತದೆ. ಆಧುನಿಕ ರ‍್ಯಾಲಿ ಕಾರುಗಳಲ್ಲಿ ಲಿವರ್ ಎಳೆದ ಕೂಡಲೇ ಹಿಂದಿನ ಆಕ್ಸಲ್‌ನ ಕೊಂಡಿ ಕಳಚುವಂಥ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಒಳ್ಳೆಯ ಸಿಮ್ಯುಲೇಟರುಗಳು ಈ ವ್ಯತ್ಯಾಸಗಳನ್ನೆಲ್ಲ ತೋರಿಸುತ್ತವೆ. ಹಾಗಾಗಿ ಕಾರು ಬದಲಿಸಿದ ದಿನ ಹ್ಯಾಂಡ್‌ಬ್ರೇಕ್ ಕೆಟ್ಟಿದೆಯೆಂದು ತೋರಿದರೆ, ಉಪಕರಣವನ್ನು ಬಿಚ್ಚುವ ಮೊದಲು ಕ್ಲಚ್ ಒತ್ತಿದ್ದೀರೋ ಇಲ್ಲವೋ ನೋಡಿಕೊಳ್ಳಿ.

ನಿಜವಾದ ಲಿವರ್ ಹೇಗಿರುತ್ತದೆ

ಸಾಮಾನ್ಯ ಕಾರಿನ ಹ್ಯಾಂಡ್‌ಬ್ರೇಕು ನಿಲುಗಡೆಗೆಂದು ಮಾಡಿದ್ದು. ಎಳೆದಂತೆಲ್ಲ ಹಲ್ಲಿನಿಂದ ಹಲ್ಲಿಗೆ ಕಟಕಟನೆ ಕಚ್ಚಿಕೊಂಡು ಅಲ್ಲಿಯೇ ನಿಲ್ಲುತ್ತದೆ; ಬಿಡಿಸಲು ತುದಿಯ ಗುಂಡಿ ಒತ್ತಬೇಕು. ರ‍್ಯಾಲಿಗೆ ಇದು ತಲೆಕೆಳಗಾದ ಗುಣ. ಅದಕ್ಕೇ ಹಳೆಯ ರ‍್ಯಾಲಿ ಕಾರುಗಳಲ್ಲಿ ಫ್ಲೈ-ಆಫ್ ಎಂಬ ಬಗೆಯ ಲಿವರ್ ಹಾಕುತ್ತಿದ್ದರು: ಗುಂಡಿ ಒತ್ತಿದರೆ ಮಾತ್ರ ಕಚ್ಚಿಕೊಳ್ಳುತ್ತದೆ, ಇಲ್ಲವಾದರೆ ಕೈ ಸಡಿಲಿಸಿದ ಕ್ಷಣವೇ ಕೆಳಗೆ ಬೀಳುತ್ತದೆ. ಈಗ ಎಲ್ಲೆಡೆ ಕಾಣುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕಿನಲ್ಲಿ ಹಲ್ಲುಗಳೇ ಇಲ್ಲ. ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಪೈಪಿನ ನಡುವೆ ಎಣ್ಣೆಯನ್ನು ಒತ್ತುವ ಒಂದು ಪುಟ್ಟ ಮಾಸ್ಟರ್ ಸಿಲಿಂಡರ್ ಕೂರಿಸಿರುತ್ತಾರೆ. ಲಿವರ್ ಸುಮ್ಮನಿದ್ದಾಗ ಕಾಲಿನ ಬ್ರೇಕಿನ ಎಣ್ಣೆ ಅದರೊಳಗಿಂದಲೇ ಹಾದುಹೋಗುತ್ತದೆ, ಎಳೆದಾಗ ಆ ದಾರಿ ಮುಚ್ಚಿ ಸಿಲಿಂಡರಿನ ಒತ್ತಡ ನೇರವಾಗಿ ಹಿಂದಿನ ಚಕ್ರಗಳನ್ನು ಹಿಡಿಯುವ ಕ್ಯಾಲಿಪರುಗಳಿಗೆ ತಲುಪುತ್ತದೆ. ಸಿಲಿಂಡರಿನ ಒಳವ್ಯಾಸ ಚಿಕ್ಕದಾದಷ್ಟೂ ಅದೇ ಕೈಬಲಕ್ಕೆ ಹೆಚ್ಚು ಒತ್ತಡ ಸಿಗುತ್ತದೆ, ಆದರೆ ಲಿವರ್ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಎಣ್ಣೆಯ ಒತ್ತಡ ಹೊತ್ತು ಕಳೆದಂತೆ ಇಳಿಯಬಹುದಾದ್ದರಿಂದ ಇದನ್ನು ನಿಲುಗಡೆಯ ಬ್ರೇಕೆಂದು ನಂಬುವಂತಿಲ್ಲ.

ಸಿಮ್ಯುಲೇಟರಿಗೆ ಉಪಕರಣ ಕೊಳ್ಳುವವರು ಅನುಕರಿಸಬೇಕಾದದ್ದು ಈ ಹೈಡ್ರಾಲಿಕ್ ಲಿವರನ್ನು: ಉದ್ದ, ನೆಟ್ಟಗೆ ನಿಂತದ್ದು, ಸ್ಟೀರಿಂಗ್ ಪಕ್ಕದಲ್ಲೇ ಇರುವುದು, ಬಿಟ್ಟ ತಕ್ಷಣ ಸೊನ್ನೆಗೆ ಮರಳುವುದು.

ಮೊದಲ ಹಂತ: ಉಪಕರಣದ ಆಯ್ಕೆ

ಕೈಯಲ್ಲಿ ಹಣ ಕಡಿಮೆ ಇರುವವರು ಸ್ಟೀರಿಂಗ್ ಮೇಲಿನ ಒಂದು ಗುಂಡಿಗೆ ಹ್ಯಾಂಡ್‌ಬ್ರೇಕ್ ಜೋಡಿಸಿಕೊಂಡು ಧಾರಾಳವಾಗಿ ಕಲಿಯಬಹುದು. ಜಲ್ಲಿ ರಸ್ತೆಯಲ್ಲಿ ಚಕ್ರ ಬಹುಬೇಗ ನಿಂತುಬಿಡುವುದರಿಂದ, ಅಲ್ಲಿನ ಹೆಚ್ಚಿನ ಎಳೆತಗಳು ಹೇಗೂ ಸೊನ್ನೆಯಿಂದ ನೂರಕ್ಕೆ ಹೋಗಿ ಮರಳುವಂಥವೇ. ಗುಂಡಿಯ ಕೊರತೆ ಕಾಣುವುದು ಡಾಂಬರಿನ ಮೇಲೆ, ಇಲ್ಲವೆ ತಿರುವಿನ ನಡುವೆ ಕಾರಿನ ಮೂತಿಯನ್ನು ಇನ್ನೊಂದಿಷ್ಟೇ ಒಳಕ್ಕೆ ತರಲು ಅರ್ಧ ಎಳೆಯಬೇಕಾದಾಗ. ಕಾರನ್ನು ಬೇಕೆಂದೇ ಅಡ್ಡಡ್ಡ ಜಾರಿಸುವ ಡ್ರಿಫ್ಟಿಂಗ್ ಕಡೆ ಮನಸ್ಸಿರುವವರಿಗಂತೂ ಎಳೆತದ ಪ್ರಮಾಣವನ್ನು ಅಳೆಯುವ ಲಿವರೇ ಬೇಕು.

ಅಳೆಯುವ ಲಿವರುಗಳಲ್ಲಿ ಮೂರು ಬಗೆಯ ಸೆನ್ಸರುಗಳಿವೆ. ಪೊಟೆನ್ಷಿಯೋಮೀಟರಿನಲ್ಲಿ ಒಂದು ಲೋಹದ ನಾಲಗೆ ಪಟ್ಟಿಯೊಂದರ ಮೇಲೆ ಉಜ್ಜುತ್ತಾ ಸಾಗುತ್ತದೆ. ಅಗ್ಗ, ಆದರೆ ಉಜ್ಜಿದಂತೆಲ್ಲ ಸವೆಯುತ್ತದೆ, ಧೂಳು ಕೂತರೆ ಅಂಕಿ ಕುಣಿಯುತ್ತದೆ. ಹಾಲ್ ಸೆನ್ಸರಿನಲ್ಲಿ ಉಜ್ಜುವ ಭಾಗವೇ ಇಲ್ಲ. ಲಿವರಿನ ಬುಡದಲ್ಲಿ ಅಂಟಿಸಿದ ಅಯಸ್ಕಾಂತ ಹತ್ತಿರ ಬಂದು ದೂರ ಸರಿಯುವುದನ್ನು ಸೆನ್ಸರು ಅಳೆಯುತ್ತದೆ. ಇವೆರಡೂ ಅಳೆಯುವುದು ಲಿವರ್ ಎಷ್ಟು ದೂರ ಚಲಿಸಿತೆಂಬುದನ್ನು. ಲೋಡ್‌ಸೆಲ್ ಅಳೆಯುವುದು ಎಷ್ಟು ಬಲ ಬಿತ್ತೆಂಬುದನ್ನು. ಕೈಯ ಸ್ನಾಯುಗಳು ದೂರಕ್ಕಿಂತ ಬಲವನ್ನು ಚೆನ್ನಾಗಿ ನೆನಪಿಡುತ್ತವೆಂಬ ಕಾರಣಕ್ಕೆ ಪರಿಣತರು ಇದನ್ನು ಮೆಚ್ಚುತ್ತಾರೆ. ಕಾಲಿನ ಬ್ರೇಕಿಗೆ ಈ ಮಾತು ಪೂರ್ತಿ ಒಪ್ಪತಕ್ಕದ್ದು. ಹ್ಯಾಂಡ್‌ಬ್ರೇಕಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ: ಅರ್ಧ ಸೆಕೆಂಡಿನಲ್ಲಿ ಮುಗಿಯುವ ಕೆಲಸಕ್ಕೆ ಒಳ್ಳೆಯ ಹಾಲ್ ಸೆನ್ಸರು ಮತ್ತು ಗಟ್ಟಿಯಾದ ಮರಳು ಸ್ಪ್ರಿಂಗು ಸಾಕು, ಮಿಕ್ಕ ಹಣವನ್ನು ಪೆಡಲಿಗೆ ಹಾಕುವುದು ಲೇಸು.

ಸ್ವತಃ ಮಾಡಿಕೊಳ್ಳುವವರಿಗೂ ದಾರಿಯಿದೆ. ಆರ್ಡುಯಿನೊ ಲಿಯೊನಾರ್ಡೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ಕಂಪ್ಯೂಟರು ಯುಎಸ್‌ಬಿ ಜಾಯ್‌ಸ್ಟಿಕ್ ಎಂದೇ ಗುರುತಿಸುವಂತೆ ಮಾಡಬಹುದು, ಅದರ 10 ಬಿಟ್‌ನ ಅಳತೆಯಲ್ಲಿ 1024 ಮೆಟ್ಟಿಲುಗಳು ಸಿಗುತ್ತವೆ, ಈ ಕೆಲಸಕ್ಕೆ ಅದು ಬೇಕಾದಷ್ಟಾಯಿತು. ಲೋಡ್‌ಸೆಲ್ ಹಾಕುವವರು ಒಂದು ಸೂಕ್ಷ್ಮ ಗಮನಿಸಬೇಕು. ಅದರ ಜೊತೆಗೆ ಸಾಮಾನ್ಯವಾಗಿ ಬಳಸುವ ಎಚ್‌ಎಕ್ಸ್711 ಚಿಪ್ಪು ಸೆಕೆಂಡಿಗೆ 10 ಸಲ ಅಥವಾ 80 ಸಲ ಅಳೆಯುತ್ತದೆ, ಮತ್ತು ಸಿದ್ಧವಾಗಿ ಸಿಗುವ ಅನೇಕ ಬೋರ್ಡುಗಳಲ್ಲಿ ಅದು 10ಕ್ಕೇ ಇರುತ್ತದೆ. ಹಾಗೆಯೇ ಬಿಟ್ಟರೆ ಅರ್ಧ ಸೆಕೆಂಡಿನ ಎಳೆತದಲ್ಲಿ ಕಂಪ್ಯೂಟರಿಗೆ ಸಿಗುವುದು ಐದೇ ಅಂಕಿಗಳು. ನೀವು ಲಿವರ್ ಬಿಟ್ಟ ಸುದ್ದಿ ಕಾರಿಗೆ ತಡವಾಗಿ ಮುಟ್ಟುತ್ತದೆ.

ಗೇಮ್ ಕನ್ಸೋಲ್ ಬಳಸುವವರು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕಾದ ಮಾತೊಂದಿದೆ. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ನಡೆಯುವ ಬಹುಪಾಲು ಲಿವರುಗಳು ಕನ್ಸೋಲಿಗೆ ಕಾಣುವುದೇ ಇಲ್ಲ. ಅಲ್ಲಿ ಸ್ಟೀರಿಂಗ್‌ನ ಬೇಸಿನ, ಅಂದರೆ ಸ್ಟೀರಿಂಗ್ ಚಕ್ರ ಕೂರುವ ಮೋಟರಿನ ಪೆಟ್ಟಿಗೆಯ, ಮೂಲಕವೇ ಜೋಡಣೆಯಾಗಬೇಕು. ಫ್ಯಾನಾಟೆಕ್‌ನ ಕ್ಲಬ್‌ಸ್ಪೋರ್ಟ್ ಹ್ಯಾಂಡ್‌ಬ್ರೇಕು ಅದೇ ಸಂಸ್ಥೆಯ ಬೇಸಿಗೆ ನೇರವಾಗಿ ಸಿಕ್ಕುತ್ತದೆ. ಥ್ರಸ್ಟ್‌ಮಾಸ್ಟರ್‌ನ ಟಿಎಸ್‌ಎಸ್ ಲಿವರು ಹ್ಯಾಂಡ್‌ಬ್ರೇಕಾಗಿಯೂ ಒಂದೊಂದೇ ಗೇರು ಏರಿಳಿಸುವ ಸೀಕ್ವೆನ್ಷಿಯಲ್ ಗೇರಾಗಿಯೂ ಕೆಲಸ ಮಾಡುತ್ತದೆ, ಆದರೆ ಒಂದು ಹೊತ್ತಿಗೆ ಒಂದೇ.

ಎರಡನೆಯ ಹಂತ: ಜೋಡಣೆ

ಲಿವರಿನ ಹಿಡಿ ಸ್ಟೀರಿಂಗ್‌ಗೆ ಒಂದು ಗೇಣಿನಷ್ಟು ಹತ್ತಿರ ಇರಲಿ, ಎತ್ತರ ಸ್ಟೀರಿಂಗ್‌ನ ಕೆಳ ಅಂಚಿಗೆ ಸಮನಾಗಿರಲಿ. ಎಳೆಯುವಾಗ ಮೊಣಕೈ ಮಡಚಿರಬೇಕು, ಬೆನ್ನು ಸೀಟಿನಿಂದ ಏಳಬಾರದು. ಗೇರ್ ಲಿವರ್ ಕೂಡ ಅದೇ ಬದಿಗಿದ್ದರೆ ಸ್ಟೀರಿಂಗ್‌ಗೆ ಹತ್ತಿರದ ಜಾಗವನ್ನು ಹ್ಯಾಂಡ್‌ಬ್ರೇಕಿಗೇ ಕೊಡಿ, ಏಕೆಂದರೆ ಆ ಕೈ ಬೇಗನೆ ಸ್ಟೀರಿಂಗ್‌ಗೆ ಮರಳಬೇಕು.

ಬುಡ ಅಲುಗದಿರುವುದು ಇದಕ್ಕಿಂತ ಮುಖ್ಯ. ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿದ ಲಿವರ್ ಎಳೆದಾಗ ಮೊದಲು ಮೇಜಿನ ಹಲಗೆ ಬಾಗುತ್ತದೆ, ಆಮೇಲೆ ಲಿವರ್ ಚಲಿಸುತ್ತದೆ. ಬಿಡುವಾಗಲೂ ಅದೇ ತಡ. ಸೀಟು, ಸ್ಟೀರಿಂಗ್, ಪೆಡಲುಗಳನ್ನು ಹಿಡಿದಿಡುವ ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು, ಅಂದರೆ ರಿಗ್, ಇದ್ದರೆ ಟಿ-ನಟ್ಟುಗಳಿಂದ ಕನಿಷ್ಠ ಎರಡು ಕಡೆ ಬಿಗಿಯಿರಿ. ರಿಗ್ ಇಲ್ಲದವರು ಕುರ್ಚಿಯ ಕೆಳಗೆ ಹಾದುಬರುವಂತೆ ದಪ್ಪ ಹಲಗೆಯೊಂದನ್ನು ನೆಲದ ಮೇಲಿಟ್ಟು, ಅದಕ್ಕೊಂದು ಕಂಬ ನಿಲ್ಲಿಸಿ, ಅದರ ತಲೆಗೆ ಲಿವರನ್ನು ಬಿಗಿದರೆ ಸ್ವಂತ ಮೈಭಾರವೇ ಬುಡವನ್ನು ಹಿಡಿದಿಡುತ್ತದೆ. ಬಿಗಿದಾದ ಮೇಲೆ ಬುಡದ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಒಂದು ತಾಸು ಓಡಿಸಿದ ಮೇಲೆ ಗೆರೆಗೂ ಬುಡಕ್ಕೂ ನಡುವೆ ಸಂದು ಕಂಡರೆ ಬಿಗಿತ ಸಾಲದು.

ಮೂರನೆಯ ಹಂತ: ಹೊಂದಾಣಿಕೆ

ಆಟ ತೆರೆಯುವ ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಲಿವರಿನ ಪಟ್ಟಿಯನ್ನು ನೋಡಿ. ಲಿವರ್ ಮುಟ್ಟದಿದ್ದಾಗ ಅದು ಪೂರ್ತಿ ಸೊನ್ನೆಯಲ್ಲಿ, ಅಲುಗದೆ ನಿಂತಿರಬೇಕು. ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡದೆ ನಾನು ಹಲವು ವಾರ ಕಳೆದುಕೊಂಡಿದ್ದೇನೆ. ನನ್ನ ಮೊದಲ ಲಿವರ್ ಪೊಟೆನ್ಷಿಯೋಮೀಟರಿನದು. ನೇರ ರಸ್ತೆಯಲ್ಲಿ ಕಾರು ಏಕೋ ಎಳೆಯುತ್ತಿಲ್ಲವೆಂದು ಗೇರಿನ ಅನುಪಾತ ಬದಲಿಸಿದೆ, ಟೈರು ಬದಲಿಸಿದೆ, ಸಸ್ಪೆನ್ಷನ್ ತಗ್ಗಿಸಿದೆ. ಒಂದು ದಿನ ಆಕಸ್ಮಿಕವಾಗಿ ಆ ಕಿಟಕಿ ತೆರೆದಾಗ, ಕೈ ಮಡಿಲಲ್ಲಿರುವಾಗಲೇ ಪಟ್ಟಿಯ ಎಡತುದಿಯಲ್ಲಿ ಕೂದಲೆಳೆಯಷ್ಟು ಬಣ್ಣ ಮಿನುಗುತ್ತಿತ್ತು: ಒಮ್ಮೆ ಶೇ. 2, ಒಮ್ಮೆ ಶೇ. 4. ಅಷ್ಟೂ ದಿನ ನಾನು ಹಿಂದಿನ ಬ್ರೇಕನ್ನು ಸವರಿಕೊಂಡೇ ಓಡಿಸುತ್ತಿದ್ದೆ.

ಅದಕ್ಕೇ ಕೆಳತುದಿಯಲ್ಲಿ ಶೇ. 3ರಿಂದ 5ರಷ್ಟು, ಲಿವರಿನ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಡೆಡ್‌ಝೋನ್ ಇಡಿ. ಅದಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ತಪ್ಪು ಸೆನ್ಸರಿನದೋ ಸ್ಪ್ರಿಂಗಿನದೋ ಆಗಿರುತ್ತದೆ. ಮೇಲ್ತುದಿಯ ಹೊಂದಾಣಿಕೆಗೆ ಬೇರೆ ಉಪಾಯವಿದೆ. ಸ್ಟೀರಿಂಗ್ ಹಿಡಿದು ಕೂತು, ಓಟದ ಅವಸರದಲ್ಲಿ ಎಳೆಯುವಂತೆಯೇ ಲಿವರನ್ನು ಹತ್ತು ಸಲ ಎಳೆಯಿರಿ, ಪ್ರತಿ ಸಲ ಪಟ್ಟಿ ಎಲ್ಲಿಯವರೆಗೆ ಹೋಯಿತೆಂದು ಇನ್ನೊಬ್ಬರಿಂದ ಬರೆಸಿಕೊಳ್ಳಿ. ಆ ಹತ್ತರಲ್ಲಿ ಅತಿ ಕಡಿಮೆ ಬಂದ ಅಂಕಿಯನ್ನೇ ನೂರೆಂದು ನಿಗದಿಪಡಿಸಿ. ಲಿವರನ್ನು ಕೊನೆಯ ತುದಿಗೆ ಮುಟ್ಟಿಸಲೇಬೇಕಾದ ಅಗತ್ಯ ಇದ್ದಾಗ ಕೈ ಅಲ್ಲಿಯೇ ತಡೆದು ನಿಲ್ಲುತ್ತದೆ, ವಾಪಸಾಗುವುದು ನಿಧಾನವಾಗುತ್ತದೆ.

ಆಟದೊಳಗೆ ಜೋಡಿಸುವಾಗ ಮೂರು ತೊಂದರೆಗಳು ಪದೇ ಪದೇ ಎದುರಾಗುತ್ತವೆ. ಲಿವರ್ ಸುಮ್ಮನಿದ್ದರೂ ಪೂರ್ತಿ ಎಳೆದಂತೆ ಕಂಡರೆ ಅಕ್ಷವನ್ನು ತಿರುಗುಮುರುಗು ಮಾಡುವ ಆಯ್ಕೆಯನ್ನು ಒತ್ತಬೇಕು. ಎಳೆದಾಗ ಆಕ್ಸಿಲರೇಟರ್ ಅಥವಾ ಕ್ಲಚ್ ಕೂಡ ಒತ್ತಿದಂತಾದರೆ, ಹೊಸ ಉಪಕರಣಕ್ಕೆ ಆಟ ತಾನಾಗಿಯೇ ಕೊಟ್ಟುಕೊಂಡ ಜೋಡಣೆಗಳನ್ನು ಅಳಿಸಬೇಕು. ನಿನ್ನೆ ಸರಿಯಿದ್ದದ್ದು ಇಂದು ಮಾಯವಾದರೆ ಬಹುಮಟ್ಟಿಗೆ ಯುಎಸ್‌ಬಿ ಕಿಂಡಿ ಬದಲಾಗಿರುತ್ತದೆ. ಪ್ರತಿ ಉಪಕರಣಕ್ಕೂ ಒಂದೊಂದು ಕಿಂಡಿಯನ್ನು ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕನೆಯ ಹಂತ: ಒಂದೇ ಒಂದು ತಿರುವು

ಕಲಿಯಲು ಮುಂದಿನ ಚಕ್ರಗಳಿಂದ ಓಡುವ ಪುಟ್ಟ ಕಾರು, ಒಣ ಜಲ್ಲಿ ರಸ್ತೆ, ಮಟ್ಟಸವಾದ ಜಾಗದ ಒಂದು ಎಡ ಹೇರ್‌ಪಿನ್ ಆರಿಸಿಕೊಳ್ಳಿ. ಎಂಜಿನ್ನಿನ ಬಲ ಕಡಿಮೆಯೆಂದು ಇಂಥ ಕಾರನ್ನು ಕೀಳಾಗಿ ಕಾಣಬೇಕಾಗಿಲ್ಲ. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದ ಮಿನಿ ಇದೇ ಜಾತಿಯದು. ಇಲ್ಲಿ ಎಡವಿದರೂ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರಗಳೇ ಕಾರನ್ನು ಎಳೆದು ನೇರ ಮಾಡುತ್ತವೆ.

ತಿರುವಿಗೆ ಬಲಬದಿಯಿಂದ, ರಸ್ತೆಯ ಹೊರ ಅಂಚನ್ನು ಹಿಡಿದು ಬನ್ನಿ. ಬ್ರೇಕಿಂಗ್ ಪೂರ್ತಿ ನೇರ ರೇಖೆಯಲ್ಲಿ, ಕಾಲಿನಿಂದಲೇ ಆಗಬೇಕು: ಮೂರನೆಯ ಗೇರಿನಿಂದ ಎರಡಕ್ಕೆ, ತೀರ ಕಡಿದಾಗಿದ್ದರೆ ಒಂದಕ್ಕೆ ಇಳಿದು, ವೇಗ ಗಂಟೆಗೆ 40ರಿಂದ 50 ಕಿಲೋಮೀಟರಿಗೆ ಬರಲಿ. ವೇಗ ಇಳಿಸಲು ಹ್ಯಾಂಡ್‌ಬ್ರೇಕನ್ನು ನೆಚ್ಚಿಕೊಂಡವರು ತಿರುವಿನ ಹೊರಗಿನ ಗಿಡಗಳಲ್ಲಿ ನಿಲ್ಲುತ್ತಾರೆ, ಏಕೆಂದರೆ ಹಿಂದಿನ ಎರಡೇ ಚಕ್ರಗಳು, ಅದೂ ಬ್ರೇಕಿಂಗಿನಿಂದ ಭಾರ ಮುಂದಕ್ಕೆ ಸರಿದು ಹಗುರಾದ ಚಕ್ರಗಳು, ಹೆಚ್ಚೇನೂ ನಿಧಾನಿಸಲಾರವು. ಕಾರಿನ ಮೂತಿ ಇನ್ನೂ ಕೆಳಗೆ ಬಾಗಿರುವಾಗಲೇ ಕಾಲನ್ನು ಬ್ರೇಕಿನಿಂದ ತೆಗೆಯುತ್ತಾ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ. ಕಾರು ತಿರುಗಲು ಶುರುಮಾಡಿತೆಂದು ಕಂಡ ಕ್ಷಣ ಬಲಗೈಯಿಂದ ಲಿವರನ್ನು ಒಮ್ಮೆ ಜಗ್ಗಿ. ಆ ಹೊತ್ತಿಗೆ ಕಣ್ಣು ಬಾನೆಟ್ಟಿನ ಮೇಲಿರದೆ, ಪಕ್ಕದ ಕಿಟಕಿಯ ಕಡೆಗೆ, ತಿರುವಿನಾಚೆಯ ರಸ್ತೆಯ ಕಡೆಗೆ ಹೊರಳಿರಬೇಕು.

ಇನ್ನು ಬಿಡುವುದು. ಕಾರು ಪೂರ್ತಿ ಹೊರದಾರಿಗೆ ಮುಖ ಮಾಡಿದ ಮೇಲೆ ಬಿಟ್ಟರೆ ತಡವಾಯಿತು. ಬೀಸಲು ತೊಡಗಿದ ಹಿಂಭಾಗ ಲಿವರ್ ಬಿಟ್ಟ ಕೂಡಲೇ ನಿಲ್ಲುವುದಿಲ್ಲ. ನಿಂತ ಚಕ್ರಗಳು ಮತ್ತೆ ಉರುಳಲು, ಉರುಳಿ ನೆಲ ಕಚ್ಚಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಕಾರು ಇನ್ನೂ ತಿರುಗುತ್ತಲೇ ಇರುತ್ತದೆ. ಹಾಗಾಗಿ ತಿರುಗಬೇಕಾದ ಕೋನದ ಮೂರರಲ್ಲಿ ಎರಡು ಭಾಗ ಮುಗಿದಾಗಲೇ ಲಿವರ್ ಕೆಳಗಿರಬೇಕು. ಕೈ ಸ್ಟೀರಿಂಗ್‌ಗೆ ಮರಳುತ್ತಿದ್ದಂತೆ ಅದನ್ನು ನೇರಮಾಡುತ್ತಾ, ಬೇಕಾದಷ್ಟು ಎದುರು ದಿಕ್ಕಿಗೆ ಕೊಡುತ್ತಾ, ಆಕ್ಸಿಲರೇಟರನ್ನು ಒತ್ತಿ ಹೊರಬನ್ನಿ. ಹಿಂದಿನ ಚಕ್ರಗಳಿಂದ ಓಡುವ ಕಾರಾದರೆ ಕ್ಲಚ್ಚನ್ನು ಎಳೆಯುವ ಮುನ್ನ ಒತ್ತಿ, ಲಿವರ್ ಬಿಟ್ಟ ಮೇಲೆ ಎಂಜಿನ್ ವೇಗ ಏರಿಸಿಕೊಂಡು ಬಿಡಬೇಕು.

ತಪ್ಪನ್ನು ಕಾರು ನಿಂತ ಜಾಗವೇ ಹೇಳುತ್ತದೆ. ಒಳಗಿನ ಅಂಚಿಗೆ ಹಿಂಬದಿಯ ಒಳಚಕ್ರ ಬಡಿದಿದ್ದರೆ ಬೇಗ ಎಳೆದಿರಿ. ಮೂತಿ ಹೊರ ಅಂಚಿನಲ್ಲಿದ್ದು ಕಾರು ಇನ್ನೂ ತಿರುಗದೆ ಉಳಿದಿದ್ದರೆ ವೇಗ ಹೆಚ್ಚಾಗಿತ್ತು, ಇಲ್ಲವೆ ಸ್ಟೀರಿಂಗ್‌ಗಿಂತ ಮೊದಲೇ ಲಿವರ್ ಎಳೆದಿರಿ. ಬಂದ ದಾರಿಯನ್ನೇ ಮತ್ತೆ ನೋಡುತ್ತಾ ನಿಂತಿದ್ದರೆ ಬಿಡುವುದು ತಡವಾಗಿದೆ. ತಿರುಗಿದ್ದೆಲ್ಲ ಸರಿಯಿದ್ದು ಕಾರು ಹೊರಡಲೇ ನಿಧಾನ ಮಾಡಿದರೂ ಬಹುತೇಕ ಅದೇ ಕಾರಣ, ಅರ್ಧ ಸೆಕೆಂಡು ಸಾಕಾಗಿದ್ದಲ್ಲಿ ಒಂದು ಸೆಕೆಂಡು ಹಿಡಿದಿದ್ದೀರಿ.

ಅದೇ ತಿರುವನ್ನು ಹತ್ತು ಸಲ ಲಿವರ್ ಮುಟ್ಟದೆ, ಹತ್ತು ಸಲ ಲಿವರಿನಿಂದ ಓಡಿಸಿ. ತಿರುವಿನ ತುದಿಯಲ್ಲಿ ಅಲ್ಲ, ಅದಾದ ಮೇಲಿನ ಇನ್ನೂರು ಮೀಟರ್ ದೂರದ ಗುರುತಿನವರೆಗೆ ಸಮಯ ಅಳೆಯಿರಿ. ಹೊರಬರುವ ವೇಗದ ಲಾಭನಷ್ಟ ಕಾಣುವುದು ಅಲ್ಲಿ. ಲಿವರ್ ಇಲ್ಲದ ಸಮಯವೇ ಚೆನ್ನಾಗಿದ್ದರೆ ಆ ತಿರುವಿಗೆ ಲಿವರ್ ಬೇಕಾಗಿರಲಿಲ್ಲ ಎಂದು ಒಪ್ಪಿಕೊಂಡು ಇನ್ನೂ ಕಡಿದಾದ ತಿರುವು ಹುಡುಕಿ. ಇದನ್ನೆಲ್ಲ ನಿಜವಾದ ಕಾರಿನಲ್ಲಿ ಮಾಡುವ ಆಸೆಯಿದ್ದವರು ಮುಚ್ಚಿದ ಅಂಗಳದಲ್ಲಿ, ಹೇಳಿಕೊಡುವವರ ಪಕ್ಕದಲ್ಲಿ ಕೂತು ಮಾಡಬೇಕು. ಸಾರ್ವಜನಿಕ ರಸ್ತೆಯಲ್ಲಿ ಎಂದೂ ಕೂಡದು.

ಜಲ್ಲಿಯ ಮೇಲೆ ಕೈ ಕುದುರಿದ ನಂತರ ಡಾಂಬರಿಗೆ ಬಂದರೆ ಎರಡು ಬದಲಾವಣೆಗಳು ಬೇಕಾಗುತ್ತವೆ. ಟೈರಿನ ಹಿಡಿತ ಹೆಚ್ಚಿರುವುದರಿಂದ ಚಕ್ರ ನಿಲ್ಲಿಸಲು ಲಿವರನ್ನು ಇನ್ನೂ ಗಟ್ಟಿಯಾಗಿ, ತುಸು ತಡವಾಗಿ, ತಿರುವಿನ ಒಳ ಅಂಚಿಗೆ ಹತ್ತಿರವಾದ ಮೇಲೆ ಎಳೆಯಬೇಕು. ಬಿಟ್ಟ ಮೇಲೆ ಹಿಂದಿನ ಟೈರು ಜಲ್ಲಿಗಿಂತ ಬೇಗ ಕಚ್ಚಿಕೊಳ್ಳುವುದರಿಂದ, ಆ ಹೊತ್ತಿಗೆ ಸ್ಟೀರಿಂಗ್ ಎದುರು ದಿಕ್ಕಿನಲ್ಲಿ ಉಳಿದಿದ್ದರೆ ಕಾರು ಆ ಕಡೆಗೇ ಚಿಮ್ಮುತ್ತದೆ; ಆದ್ದರಿಂದ ಲಿವರ್ ಕೆಳಗಿಳಿಯುವುದೂ ಸ್ಟೀರಿಂಗ್ ನೇರವಾಗುವುದೂ ಒಟ್ಟೊಟ್ಟಿಗೆ ಆಗುವವರೆಗೆ ಮಳೆ ಬಿದ್ದ ಡಾಂಬರಿಗೆ ಹೋಗದಿರುವುದು ಮೇಲು.